ಕಾಡಿನ ದಾರಿಗೆ ಎಷ್ಟು ನೀರು? ನಾನು ತಪ್ಪಿದ ಒಂದು ಲೆಕ್ಕ



ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ. ಎರಡು ವರ್ಷದ ಹಿಂದೆ ನಾನೇ ಒಂದು ಲೆಕ್ಕ ತಪ್ಪಿದೆ. ಅಲ್ಲಿ ಅಂಕ ಹೋಗಲಿಲ್ಲ. ನನ್ನನ್ನು ನಂಬಿ ಹೋದ ಹಿರಿಯರೊಬ್ಬರು ಕಾಡಿನ ದಾರಿಯಲ್ಲಿ ತಲೆಸುತ್ತಿ ಕುಸಿದರು. ಜೀವಶಾಸ್ತ್ರ ಕಲಿಸುವ ನಾನು ತರಗತಿಯಲ್ಲಿ ಬೆವರಿನ ಬಗ್ಗೆ, ಮೂತ್ರಪಿಂಡದ ಬಗ್ಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆ ಪಾಠವನ್ನು ದಾರಿಗೆ ಇಳಿಸಲು ಮಾತ್ರ ನನಗೆ ಆ ದಿನ ಬರಲಿಲ್ಲ. ಅದಕ್ಕೇ ಈ ಲೇಖನ. ನಿಮ್ಮಲ್ಲಿ ಹಲವರ ಮನೆಯಿಂದ, ಓಣಿಯಿಂದ ಈ ವರ್ಷವೂ ಜನ ದೂರದ ದಾರಿಗೆ ನಡೆದು ಹೋಗುವವರಿದ್ದಾರೆ. ಅವರು ಹೊರಡುವ ಮೊದಲು ನೀವು ಒಮ್ಮೆ ಅವರ ಜೊತೆ ಕುಳಿತು ಲೆಕ್ಕ ಹಾಕಬೇಕೆಂಬುದು ನನ್ನ ಆಸೆ.

ಯಾವ ದಾರಿ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಪ್ರತಿ ವರ್ಷ ಯುಗಾದಿಗೆ ಮೊದಲು ನಮ್ಮ ಊರುಗಳಿಂದ ಸಾವಿರಾರು ಜನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕೆಲವರು ಕಂಬಿ ಹೊರುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಹುನಗುಂದ, ಇಳಕಲ್ ಕಡೆಯಿಂದ ಹೋಗಿ, ರಾಯಚೂರು ಜಿಲ್ಲೆಯ ಎರೆ ಭೂಮಿ ತುಳಿದು, ಕರ್ನೂಲು, ಆತ್ಮಕೂರು ಮುಟ್ಟುವವರು ಬಹಳ. ಅಲ್ಲಿಂದ ಮುಂದೆ ನಲ್ಲಮಲ ಕಾಡು.

ನಾನಿರುವುದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ನಮ್ಮ ಓಣಿಯ ಮಗ್ಗಗಳು ಆ ದಿನಗಳಲ್ಲಿ ಅರ್ಧಕ್ಕರ್ಧ ನಿಂತಿರುತ್ತವೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಎರಡು ವರ್ಷವೂ ಅದು ರಂಜಾನ್ ತಿಂಗಳೊಳಗೇ ಬಂತು. ಈ ವರ್ಷ, 2026ರಲ್ಲಿ, ಮಾರ್ಚ್ 19ರ ಯುಗಾದಿಯೂ ರಂಜಾನಿನ ಕೊನೆಯ ದಿನಗಳಲ್ಲೇ ಇದೆ. ಹಾಗಾಗಿ ಕಳೆದೆರಡು ವರ್ಷ ನಮ್ಮ ಓಣಿಯ ಹುಡುಗರು ರೋಜಾ ಇದ್ದುಕೊಂಡೇ ಕೊಡ ತುಂಬಿಸಿ ದಾರಿಹೋಕರಿಗೆ ನೀರು ಕೊಟ್ಟರು. ನಮ್ಮ ಹಿರಿಯರು ಅದಕ್ಕೆ ಸಬೀಲ್ ಎನ್ನುತ್ತಾರೆ, ಕನ್ನಡದಲ್ಲಿ ಅರವಟ್ಟಿಗೆ. ಹೆಸರು ಎರಡು, ಕೊಡ ಒಂದೇ.

ನನ್ನ ತಪ್ಪು ಲೆಕ್ಕ

2024ರಲ್ಲಿ ನಮ್ಮ ಓಣಿಯಿಂದ ಎಂಟು ಜನರ ಒಂದು ತಂಡ ಹೊರಟಿತು. ಅದರಲ್ಲಿ ಪಕ್ಕದ ಮನೆಯ ಕಾಕಾ ಕೂಡ ಒಬ್ಬರು. ವಯಸ್ಸು ಅರವತ್ತು ದಾಟಿದೆ. ನನ್ನನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವರು. ನಾನು ಮಾಸ್ತರನಾದ ಮೇಲೆ ‘ಸರ್’ ಎಂದೇ ಕರೆಯುತ್ತಾರೆ. ಹೊರಡುವ ಹಿಂದಿನ ದಿನ ಬಂದು ಕೇಳಿದರು:

“ಸರ್ರ, ರೋಡ್ ಮ್ಯಾಲ ಚಿಂತಿ ಇಲ್ರೀ, ಟೆಂಪೋ ಜೋಡಿ ಇರತೈತಿ. ಅಡವ್ಯಾಗ ಒಬ್ಬೊಬ್ರು ಎಷ್ಟ್ ನೀರ ಒಯ್ಯಬೇಕು, ಹೇಳ್ರಿ.”

ನಾನು ಅಲ್ಲೇ ಕಾಗದದ ಮೇಲೆ ಬರೆದೆ. ಕಾಡಿನ ಆ ದಿನದ ಹಾದಿ ಸುಮಾರು 20 ಕಿ.ಮೀ. ಎಂದು ಹಿಂದೆ ಹೋಗಿಬಂದವರು ಹೇಳಿದ್ದರು. ಗಂಟೆಗೆ 4 ಕಿ.ಮೀ. ನಡೆದರೆ 5 ಗಂಟೆ. ಗಂಟೆಗೆ ಅರ್ಧ ಲೀಟರ್ ಹಿಡಿದರೆ ಎರಡೂವರೆ ಲೀಟರ್. ನಡುವೆ ಒಂದು ಕಡೆ ನೀರು ಇಟ್ಟಿರುತ್ತಾರೆ ಎಂಬ ಮಾತೂ ಇತ್ತು. “ಎರಡೂವರೆ ಲೀಟರ್ ಸಾಕು ಕಾಕಾ” ಎಂದೆ.

ಆದದ್ದು ಬೇರೆ. ತಂಡ ಬೆಳಿಗ್ಗೆ ತಡವಾಗಿ, ಒಂಬತ್ತಕ್ಕೆ ಕಾಡು ಹೊಕ್ಕಿತು. ಕಲ್ಲಿನ ಹಾದಿ, ಏರು, ಮುಂದೆ ಹಿಂದೆ ಜನಸಂದಣಿ. ಐದು ಗಂಟೆಯ ದಾರಿ ಒಂಬತ್ತು ಗಂಟೆ ಹಿಡಿಯಿತು. ನಡುವೆ ಸಿಗುತ್ತದೆ ಎಂದುಕೊಂಡ ನೀರು, ಮುಂದೆ ಹೋದ ಸಾವಿರಾರು ಜನರಿಗೇ ಮುಗಿದಿತ್ತು. ಏಳನೇ ಗಂಟೆಗೆ ಕಾಕಾ ತಲೆಸುತ್ತಿ ಕುಸಿದರು. ಬೇರೆ ಊರಿನ ತಂಡದವರು ನೆರಳಿಗೆ ಎತ್ತಿ ಮಲಗಿಸಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ, ತಮ್ಮ ನೀರಿನಲ್ಲೇ ಗುಟುಕು ಗುಟುಕಾಗಿ ಕುಡಿಸಿದರು. ಕಾಕಾ ಬದುಕಿ ಬಂದರು. ಆಗ ಕಾಕಾನ ಚೀಲ ತೆರೆದವರಿಗೆ ಅದರಲ್ಲಿ ಇನ್ನೂ ಕಾಲು ಲೀಟರ್ ನೀರು ಕಂಡಿತ್ತಂತೆ. ಮುಂದೆ ಯಾರಿಗಾದರೂ ಬೇಕಾದೀತು ಎಂದು ಅವರು ಕುಡಿಯದೆ ಉಳಿಸಿಕೊಂಡಿದ್ದರು.

ಊರಿಗೆ ಬಂದ ಮೇಲೆ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಆ ಕಾಗದವನ್ನು ಮತ್ತೆ ತೆಗೆದು ನೋಡಿದೆ. ಅದರಲ್ಲಿ ಮೂರು ತಪ್ಪುಗಳಿದ್ದವು. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲ ತಪ್ಪು: ಕಿಲೋಮೀಟರ್ ಎಣಿಸಿದ್ದು

ದೇಹಕ್ಕೆ ಕಿಲೋಮೀಟರ್ ಗೊತ್ತಿಲ್ಲ, ಗಂಟೆ ಮಾತ್ರ ಗೊತ್ತು. ಬಿಸಿಲಿನಲ್ಲಿ ನಿಂತರೂ ಬೆವರು ಹರಿಯುತ್ತದೆ. ಡಾಂಬರು ರಸ್ತೆಯಲ್ಲಿ ಗಂಟೆಗೆ 4-5 ಕಿ.ಮೀ. ನಡೆಯುವವನು ಕಲ್ಲಿನ ಏರಿನಲ್ಲಿ 2-3 ಕಿ.ಮೀ. ನಡೆದರೆ ಹೆಚ್ಚು. ಜನಸಂದಣಿಯಲ್ಲಿ ಇನ್ನೂ ಕಡಿಮೆ. ಆದ್ದರಿಂದ ‘ಎಷ್ಟು ದೂರ’ ಎಂದು ಕೇಳಬೇಡಿ. ‘ನಿಮಗೆ ಹೋದ ವರ್ಷ ಎಷ್ಟು ಹೊತ್ತು ಹಿಡಿಯಿತು’ ಎಂದು ಕೇಳಿ. ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಹೊತ್ತೇ ಇಡೀ ತಂಡದ ಹೊತ್ತು.

ಎರಡನೇ ತಪ್ಪು: ಗಂಟೆಗೆ ಅರ್ಧ ಲೀಟರ್

ಅರ್ಧ ಲೀಟರ್ ಎಂಬುದನ್ನು ನಾನು ಅಂದಾಜಿನಲ್ಲಿ ಬರೆದಿದ್ದೆ. ನಿಮ್ಮ ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಂಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ನಡೆಯುವ ದೇಹ ಒಂದು ಒಲೆ ಇದ್ದ ಹಾಗೆ. 60 ಕೆ.ಜಿ. ತೂಕದ ಮನುಷ್ಯ ಬೆನ್ನಿಗೆ ಹೊರೆ ಹಾಕಿ ಏರು ದಾರಿಯಲ್ಲಿ ನಡೆದರೆ ಗಂಟೆಗೆ ಸುಮಾರು 300 ಕಿಲೋ ಕ್ಯಾಲರಿ ಶಾಖ ಹುಟ್ಟುತ್ತದೆ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿದ್ದರೆ ಸ್ವಲ್ಪ ಶಾಖ ತಾನಾಗಿ ಗಾಳಿಗೆ ಹೋಗುತ್ತದೆ. ಆದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಮಧ್ಯಾಹ್ನ 38-40 ಡಿಗ್ರಿ ಇರುತ್ತದೆ. ಆಗ ಗಾಳಿಯೇ ದೇಹವನ್ನು ಕಾಯಿಸುತ್ತದೆ. ಮೇಲೆ ಬಿಸಿಲು ಬೇರೆ. ಇದರಿಂದ ಇನ್ನೊಂದು 100 ಕಿಲೋ ಕ್ಯಾಲರಿ ಸೇರಿತು ಎಂದುಕೊಳ್ಳಿ. ಒಟ್ಟು 400. ಇದನ್ನು ಹೊರಹಾಕಲು ದೇಹಕ್ಕೆ ಉಳಿದ ದಾರಿ ಒಂದೇ, ಬೆವರು. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋ ಕ್ಯಾಲರಿ ಬೇಕು. ಇದೇ ಆವೀಕರಣದ ಗುಪ್ತೋಷ್ಣ. 400 ಭಾಗಿಸು 580, ಅಂದರೆ ಸುಮಾರು 0.7 ಲೀಟರ್. ನೆಲಕ್ಕೆ ತೊಟ್ಟಿಕ್ಕಿದ ಬೆವರು ಈ ಲೆಕ್ಕದಲ್ಲಿ ಬರುವುದಿಲ್ಲ, ಅದು ತಂಪು ಮಾಡದೆಯೇ ಹೋದ ನೀರು.

ಈಗ ಕಾಕಾನ ಲೆಕ್ಕ ಮಾಡಿ. ಏಳು ಗಂಟೆಗೆ ಬೇಕಾದದ್ದು 7 × 0.7 = 4.9 ಲೀಟರ್. ಕುಡಿದದ್ದು 2.25 ಲೀಟರ್. ಕೊರತೆ 2.65 ಲೀಟರ್. 60 ಕೆ.ಜಿ. ದೇಹದಲ್ಲಿ ಇದು ಶೇ. 4.4. ದೇಹದ ತೂಕದ ಶೇ. 2ರಷ್ಟು ನೀರು ಹೋದರೇ ಶಕ್ತಿ, ಲಕ್ಷ್ಯ ಎರಡೂ ಕುಗ್ಗತೊಡಗುತ್ತವೆ. ರಕ್ತದಲ್ಲಿ ನೀರಿನ ಪಾಲು ಇಳಿದು, ಹೃದಯ ಜೋರಾಗಿ ಬಡಿದುಕೊಂಡು, ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಕಾಕಾ ಕುಸಿದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನನ್ನ ಕಾಗದ ಅದನ್ನು ಮೊದಲೇ ಹೇಳಬೇಕಿತ್ತು.

ಹಾಗೆಂದು 0.7 ಎಂಬುದನ್ನು ಬಾಯಿಪಾಠ ಮಾಡಬೇಡಿ. ಒಬ್ಬೊಬ್ಬರ ಬೆವರು ಒಂದೊಂದು ಥರ. ಅಳೆಯುವುದು ಸುಲಭ. ನಡೆಯುವ ಮೊದಲು ತೂಕ ನೋಡಿ. ಹೊರೆ ಸಮೇತ ಒಂದು ಗಂಟೆ ನಡೆದು, ಬೆವರು ಒರೆಸಿ, ಹೊರೆ ಇಳಿಸಿ ಮತ್ತೆ ತೂಕ ನೋಡಿ. ಕಡಿಮೆಯಾದ ತೂಕಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿ. ಒಂದು ಕೆ.ಜಿ. ಎಂದರೆ ಒಂದು ಲೀಟರ್. 2025ರಲ್ಲಿ ತಂಡ ಹೊರಡುವ ಮೊದಲು ನಾವು ಇದನ್ನು ನೂಲಿನ ಅಂಗಡಿಯ ಕಾಟಾದ ಮೇಲೆ ಮಾಡಿದೆವು. ನಾನು ರೋಜಾ ಇದ್ದೆ, ಬರೆದುಕೊಳ್ಳುವ ಕೆಲಸ ನನ್ನದು. ಕಾಕಾ ಮೊದಲು 60.2 ಕೆ.ಜಿ., ನಡೆದ ಮೇಲೆ 59.8, ನಡುವೆ ಕುಡಿದದ್ದು 0.3 ಲೀಟರ್. ಗಂಟೆಗೆ 0.7 ಲೀಟರ್. ತಂಡದ ಒಬ್ಬ ಹುಡುಗ 71.0 ಇದ್ದವನು 70.3ಕ್ಕೆ ಬಂದ, ಕುಡಿದದ್ದು ಅಷ್ಟೇ. ಅವನಿಗೆ ಗಂಟೆಗೆ ಒಂದು ಲೀಟರ್! ಬಲಿಷ್ಠನಿಗೆ ಕಡಿಮೆ ನೀರು ಸಾಕು ಎಂಬ ಮಾತು ಆ ಕಾಟಾದ ಮೇಲೆಯೇ ಸುಳ್ಳಾಯಿತು.

ಮೂರನೇ ತಪ್ಪು: ‘ನಡುವೆ ನೀರು ಸಿಗುತ್ತದೆ’

ಇದೇ ದೊಡ್ಡ ತಪ್ಪು. ಆ ಕಾಡು ದಾರಿಯ ಹೆಸರುಗಳನ್ನು ಕೇಳಿ. ವೆಂಕಟಾಪುರ ದಾಟಿ ನಾಗಲೂಟಿ. ಆಮೇಲೆ ದಾಮೆರ್ಲಕುಂಟ, ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸದ್ವಾರ. ತೆಲುಗಿನಲ್ಲಿ ಕುಂಟ ಎಂದರೆ ಸಣ್ಣ ಕಟ್ಟೆ, ಚೆರುವು ಎಂದರೆ ಕೆರೆ, ಬಾವಿ ಬಾವಿಯೇ, ಕೊಲನು ಎಂದರೆ ಕೊಳ. ನಾಗಲೂಟಿಯ ನಂತರ ಸಾಲಾಗಿ ನಾಲ್ಕು ಹೆಸರು, ನಾಲ್ಕೂ ನೀರಿನ ಹೆಸರು! ಹಳಬರು ದಾರಿಯನ್ನು ಊರಿಂದ ಊರಿಗೆ ಹಾಕಲಿಲ್ಲ, ನೀರಿನಿಂದ ನೀರಿಗೆ ಹಾಕಿದರು. ಕಣಿವೆಯಲ್ಲಿರುವ ಭೀಮುನಿಕೊಲನಿನಿಂದ ಕೈಲಾಸದ್ವಾರದವರೆಗೆ ಕಡಿದಾದ ಏರು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನೆಂದು ಇತಿಹಾಸ ನೆನೆಯುವುದು 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿಯನ್ನು. ದಾರಿ ಎಂದರೆ ಬರೀ ನೆಲವಲ್ಲ, ನೆಲ ಮತ್ತು ನೀರು ಎರಡೂ ಸೇರಿ ದಾರಿ ಎಂಬುದು ಅಂದಿನವರಿಗೆ ತಿಳಿದಿತ್ತು.

ಇದೇ ತಿಳಿವಳಿಕೆಯ ಇನ್ನೊಂದು ದೊಡ್ಡ ಉದಾಹರಣೆ ನಿಮ್ಮಲ್ಲಿ ಹಲವರು ಕೇಳಿರಬಹುದು. ಇರಾಕಿನ ಕೂಫಾದಿಂದ ಮಕ್ಕಾಕ್ಕೆ ಮರುಭೂಮಿಯಲ್ಲಿ ಸುಮಾರು 1,400 ಕಿ.ಮೀ. ದಾರಿ. ಖಲೀಫ ಹಾರೂನ್ ಅಲ್-ರಶೀದರ ಪತ್ನಿ ಜುಬೈದಾ ಆ ದಾರಿಯುದ್ದಕ್ಕೂ ಬಾವಿ ತೋಡಿಸಿದರು, ಮಳೆನೀರು ನಿಲ್ಲುವ ದೊಡ್ಡ ಹೊಂಡಗಳನ್ನು ಕಟ್ಟಿಸಿದರು. ಆ ದಾರಿಗೆ ಇಂದಿಗೂ ಅವರದೇ ಹೆಸರು, ದರ್ಬ್ ಜುಬೈದಾ. ಅಲ್ಲಿ ತಂಗುದಾಣಗಳ ನಡುವಿನ ಅಂತರ ಸುಮಾರು ಒಂದು ದಿನದ ನಡಿಗೆ. ಅಂದರೆ ಅವರೂ ಹೊತ್ತನ್ನೇ ಎಣಿಸಿದರು. ದೂರ ಯಾಕೆ, ನಮ್ಮ ವಿಜಯಪುರದಲ್ಲಿ 1620ರಲ್ಲಿ ಕಟ್ಟಿದ ತಾಜ್ ಬಾವಡಿಯನ್ನು ನೋಡಿ. ನೀರಿನ ಎರಡೂ ಬದಿಗೆ ದಾರಿಹೋಕರು ತಂಗುವ ಕೋಣೆಗಳಿವೆ.

ಆದರೆ ಹೆಸರಿನಲ್ಲಿರುವ ನೀರು ಬಾಟಲಿಯಲ್ಲಿರುವ ನೀರಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿರಬಹುದು, ಇದ್ದರೂ ಕುಡಿಯುವಂತಿರದೆ ಇರಬಹುದು. ದಾರಿಯಲ್ಲಿ ದೇವಸ್ಥಾನದವರು, ದಾನಿಗಳು ನೀರಿನ ವ್ಯವಸ್ಥೆ ಮಾಡುತ್ತಾರೆ, ನಿಜ. ಅವರ ಪುಣ್ಯ ದೊಡ್ಡದು. ಸಾವಿರಾರು ಜನ ಒಂದೇ ದಿನ ಬಂದರೆ ಎಷ್ಟು ದೊಡ್ಡ ತೊಟ್ಟಿಯಾದರೂ ಬರಿದಾಗುತ್ತದೆ ಎಂಬುದೂ ಅಷ್ಟೇ ನಿಜ. ಅದಕ್ಕೆ ನಾನೀಗ ನೀರನ್ನು ಮೂರು ಭಾಗ ಮಾಡುತ್ತೇನೆ.

ಖಾತ್ರಿ ನೀರು: ನಿನ್ನೆಯೋ ಮೊನ್ನೆಯೋ ಅಲ್ಲಿ ಕುಡಿದವರು ತಮ್ಮ ಬಾಯಿಂದಲೇ ಹೇಳಿದ್ದು.

ಇರಬಹುದಾದ ನೀರು: ‘ಪ್ರತಿ ವರ್ಷ ಇರತೈತಿ’ ಎಂದು ಹೇಳಿದ್ದು.

ಹಳೆಯ ನೀರು: ನಕ್ಷೆಯಲ್ಲಿ, ಹೆಸರಿನಲ್ಲಿ, ಅಜ್ಜನ ನೆನಪಿನಲ್ಲಿ ಇರುವುದು.

ಲೆಕ್ಕ ಹಾಕುವಾಗ ಖಾತ್ರಿ ನೀರನ್ನು ಮಾತ್ರ ಹಿಡಿಯಿರಿ. ಉಳಿದ ಎರಡು ಸಿಕ್ಕರೆ ಸಂತೋಷ, ಸಿಗದಿದ್ದರೆ ಆಪತ್ತಿಲ್ಲ. ನನ್ನ ಪಾಠದ ಸಾರ ಇಷ್ಟೇ: ದಾರಿಯನ್ನು ಒಂದು ಖಾತ್ರಿ ನೀರಿನಿಂದ ಇನ್ನೊಂದು ಖಾತ್ರಿ ನೀರಿಗೆ ತುಂಡು ಮಾಡಿ, ಆ ತುಂಡನ್ನು ಗಂಟೆಯಲ್ಲಿ ಅಳೆಯಿರಿ.

ನಾವು ಕೃಷ್ಣಾ, ಘಟಪ್ರಭಾ ನದಿಗಳ ಸೀಮೆಯವರು. 1989ರಲ್ಲಿ ಜಮಖಂಡಿ ಸೀಮೆಯ ರೈತರು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ತಾವೇ ಬ್ಯಾರೇಜ್ ಕಟ್ಟಿಕೊಂಡರು. ನೀರಿಲ್ಲದ ದಿನಗಳು ಹೇಗಿದ್ದವು ಎಂಬುದು ಆ ಹಿರಿಯರಿಗೆ ಗೊತ್ತು. ನಳ ತಿರುಗಿಸಿದರೆ ನೀರು ಕಂಡ ನಮ್ಮ ತಲೆಮಾರಿಗೆ ‘ನಡುವೆ ಸಿಗುತ್ತದೆ’ ಎಂಬ ಮಾತು ಬಲು ಬೇಗ ಬಾಯಿಗೆ ಬರುತ್ತದೆ.

ಹೊಸ ಲೆಕ್ಕ

2025ರಲ್ಲಿ ಕಾಕಾ ಮತ್ತೆ ಹೊರಡುತ್ತೇನೆಂದರು. ಮನೆಯವರು ಬೇಡವೆಂದರು. ಡಾಕ್ಟರಿಗೆ ತೋರಿಸಿ, ಅವರು ಹೂಂ ಎಂದ ಮೇಲೆ ಕಾಕಾ ನನ್ನ ಬಳಿಯೇ ಬಂದು, “ಈ ಸಲ ಲೆಕ್ಕ ಛಲೋತ್ನ್ಯಾಗ ಮಾಡ್ರಿ ಸರ್ರ” ಎಂದರು. ನಾಲ್ಕು ಸಂಜೆ ಇಫ್ತಾರ್ ಆದ ಮೇಲೆ ಕುಳಿತು ಲೆಕ್ಕ ಮಾಡಿದೆವು.

ಮೊದಲು ಹೊತ್ತು ಬದಲಿಸಿದೆವು. ನಲ್ಲಮಲ ಹುಲಿ ಸಂರಕ್ಷಿತ ಅರಣ್ಯ. ಅಲ್ಲಿ ರಾತ್ರಿ ನಡೆಯುವುದು ತರವಲ್ಲ. ಆದ್ದರಿಂದ ಬೆಳಗಾಗುತ್ತಲೇ ಆರಕ್ಕೆ ಹೊರಟು ಹತ್ತೂವರೆಗೆ ನೆರಳಿನಲ್ಲಿ ನಿಲ್ಲುವುದು, ಮೂರೂವರೆಗೆ ಮತ್ತೆ ಹೊರಟು ಕತ್ತಲಾಗುವ ಮೊದಲು ಮುಟ್ಟುವುದು. ಆಮೇಲೆ ಕಾಕಾನ ನೀರು ಹೀಗೆ:

ಬೆಳಗಿನ ನಡಿಗೆ, ತಂಪು ಹೊತ್ತು: 4½ ಗಂಟೆ × 0.5 = 2.25 ಲೀಟರ್
ನೆರಳಿನ ವಿಶ್ರಾಂತಿ: 5 ಗಂಟೆ × 0.25 = 1.25 ಲೀಟರ್
ಸಂಜೆಯ ನಡಿಗೆ: 2 ಗಂಟೆ × 0.6 = 1.2 ಲೀಟರ್
ಒಟ್ಟು: 4.7 ಲೀಟರ್
ಆಪತ್ತಿನ ನೀರು: 1 ಲೀಟರ್
ಎಲ್ಲ ಸೇರಿ: 5.7 ಲೀಟರ್

ಹೊರಡುವ ಜಾಗದಲ್ಲೇ ಅರ್ಧ ಲೀಟರ್ ಕುಡಿದರೆ ಹೊರಬೇಕಾದದ್ದು 5.2 ಲೀಟರ್. ಹೊಟ್ಟೆಯಲ್ಲಿ ಹೊತ್ತ ನೀರಿಗೆ ಬಾಟಲಿ ಬೇಡ. ಹೆಚ್ಚು ಬೆವರುವ ಹುಡುಗರಿಗೆ ತಲಾ ಒಂದೂವರೆ ಲೀಟರ್ ಸೇರಿಸಿ 6.7 ಲೀಟರ್ ಮಾಡಿದೆವು.

ಇನ್ನು ಹೊರುವ ಪ್ರಶ್ನೆ. ಐದು ಲೀಟರ್ ಎಂದರೆ ಐದು ಕೆ.ಜಿ. ಅರವತ್ತು ದಾಟಿದವರ ಬೆನ್ನಿಗೆ ಅದು ಭಾರ. ತಂಡದಲ್ಲಿ ಹಿರಿಯರು ಮೂವರು, ಹುಡುಗರು ಐವರು. ಹಿರಿಯರ ನೀರು 15.6, ಹುಡುಗರದು 33.5, ಒಟ್ಟು 49.1 ಲೀಟರ್. ಹಿರಿಯರು ತಲಾ 3 ಲೀಟರ್ ಹೊತ್ತರೆ ಉಳಿದದ್ದು 40.1. ಐವರು ಹುಡುಗರಿಗೆ ತಲಾ 8 ಲೀಟರ್. ಅದಕ್ಕಾಗಿ ಬಟ್ಟೆಯ ಗಂಟು, ಹಾಸಿಗೆ ಎಲ್ಲವನ್ನೂ ಟೆಂಪೋದಲ್ಲೇ ಬಿಟ್ಟರು. ಟೆಂಪೋ ದೋರ್ನಾಲ ಸುತ್ತಿ ರಸ್ತೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತದೆ. ಕಾಡಿನೊಳಗೆ ಬೆನ್ನಿಗೆ ನೀರು, ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾತ್ರ. ಒಂದು ನಿಯಮ ಮಾತ್ರ ಮುರಿಯಬಾರದು: ಯಾರ ಕೈಯೂ ಬರಿದಾಗಿರಬಾರದು. ಜನಸಂದಣಿಯಲ್ಲಿ ಒಬ್ಬರು ತಪ್ಪಿಸಿಕೊಂಡರೆ ಅವರ ನೀರು ಅವರ ಬಳಿಯೇ ಇರಬೇಕು.

ನಡುವೆ ಖಾತ್ರಿ ನೀರು ಇದೆ ಎಂದಾದರೆ ಕಾಕಾ ಬೆಳಿಗ್ಗೆ 2.75 ಲೀಟರ್ ಹೊತ್ತರೆ ಸಾಕು. ಒಂದು ಖಾತ್ರಿ ಸುದ್ದಿ ಬೆನ್ನಿನ ಭಾರವನ್ನು ಅರ್ಧಕ್ಕೆ ಇಳಿಸುತ್ತದೆ. ಹಾಗಾಗಿ ಕಾಡಿನ ಬಾಯಲ್ಲಿ ನಿಂತು ವಿಚಾರಿಸಿ ತೀರ್ಮಾನಿಸಿ ಎಂದು ಹೇಳಿದ್ದೆ. ಅಲ್ಲಿ ಒಬ್ಬರು ಇದೆ ಎಂದರು, ಇನ್ನೊಬ್ಬರು ಮುಗಿದಿದೆ ಎಂದರು. ಎರಡು ಮಾತಾದರೆ ಅದು ಖಾತ್ರಿಯಲ್ಲ. ತಂಡ ಪೂರ್ತಿ ನೀರು ಹೊತ್ತೇ ಒಳಗೆ ಹೋಯಿತು.

ಕುಡಿಯುವ ಕ್ರಮ

ನೀರು ಹೊತ್ತರೆ ಸಾಲದು, ಕುಡಿಯಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಹಿರಿಯರು ‘ನನಗೇನೂ ನೀರಡಿಕೆ ಇಲ್ಲ’ ಎಂದರೆ ನಂಬಬೇಡಿ. ತಂಡದಲ್ಲಿ ಒಬ್ಬ ಹುಡುಗನಿಗೆ ಗಡಿಯಾರದ ಕೆಲಸ ಕೊಡಿ. 20 ನಿಮಿಷಕ್ಕೊಮ್ಮೆ ಎಲ್ಲರಿಗೂ ಒಂದು ಲೋಟದಷ್ಟು, ಸುಮಾರು 200 ಮಿ.ಲೀ. ಉಳಿಸಿದ ನೀರು ಬಾಟಲಿಯಲ್ಲಿದ್ದು ಕೊರತೆ ದೇಹದಲ್ಲಿದ್ದರೆ ಪ್ರಯೋಜನವಿಲ್ಲ.

ಅತಿಯೂ ಬೇಡ. ಗಂಟೆಗೆ ಒಂದೂಕಾಲು ಲೀಟರ್ ದಾಟಬೇಡಿ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಕರಿಕೆ, ತಲೆನೋವು, ಗೊಂದಲ ಬರಬಹುದು, ಅದೂ ಅಪಾಯವೇ. ಚಟ್ನಿ-ರೊಟ್ಟಿ ಬಿಡಬೇಡಿ. ಜೊತೆಗೆ ಓಆರ್‌ಎಸ್ ಇರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ಗುಳಿಗೆ ತೆಗೆದುಕೊಳ್ಳುವವರು ನೀರು ಮತ್ತು ಉಪ್ಪಿನ ಪ್ರಮಾಣವನ್ನು ಹೊರಡುವ ಮೊದಲೇ ಡಾಕ್ಟರಲ್ಲಿ ಕೇಳಬೇಕು.

ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದರೆ, ಬಹಳ ಹೊತ್ತು ಬಾರದಿದ್ದರೆ ನೀರು ಸಾಲದು. ಯಾರಾದರೂ ತೊದಲಿದರೆ, ತಪ್ಪು ತಪ್ಪಾಗಿ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಿನ ಆಘಾತ. ನೆರಳಿಗೆ ಒಯ್ದು, ಮೈ ಒದ್ದೆ ಮಾಡಿ, ಗಾಳಿ ಬೀಸಿ, ಕೂಡಲೇ 108ಕ್ಕೆ ತಿಳಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಸಿಕ್ಕ ನೀರು ಕುಡಿಯಬಹುದೇ?

ಕೆರೆ, ಹೊಂಡದ ನೀರನ್ನು ಹಾಗೇ ಕುಡಿಯಬಾರದು. ನಮ್ಮ ಅವ್ವಂದಿರು ಹಳೆಯ ನೂಲಿನ ಸೀರೆಯನ್ನು ಮಡಚಿ ನೀರು ಸೋಸುತ್ತಿದ್ದರು. ಇದು ಬರೀ ರೂಢಿಯಲ್ಲ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಜೊತೆಗಾರರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾಲರಾ ಸುಮಾರು ಶೇ. 48ರಷ್ಟು ಕಡಿಮೆಯಾಗಿತ್ತು. ಕಾಲರಾ ರೋಗಾಣು ಅಂಟಿಕೊಂಡಿರುವ ಸಣ್ಣ ಜಲಜೀವಿಗಳು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಸೀರೆ ನೇಯುವ ಸೀಮೆಯವರಾದ ನಮಗೆ ಇದು ಹೆಮ್ಮೆಯ ವಿಷಯ. ಆದರೆ ಗಮನಿಸಿ, ಅರ್ಧದಷ್ಟು ರೋಗ ಉಳಿದೇ ಇತ್ತು. ಸೋಸಿದ ಮೇಲೆ ಕುದಿಸಬೇಕು, ಇಲ್ಲವೇ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ಗಂಟೆ ಬಿಡಬೇಕು. ಇನ್ನೊಂದು ಮಾತು, ಎರೆ ಭೂಮಿಯ ಎಷ್ಟೋ ಬಾವಿಗಳ ನೀರು ಸವಳು. ಕುದಿಸಿದರೂ, ಗುಳಿಗೆ ಹಾಕಿದರೂ ಸವಳು ಹೋಗುವುದಿಲ್ಲ. ಅದನ್ನು ಕುಡಿಯುವ ಲೆಕ್ಕಕ್ಕೆ ಹಿಡಿಯಬೇಡಿ, ಮೈ ಒದ್ದೆ ಮಾಡಿಕೊಳ್ಳಲು ಬಳಸಿ.

ಖಾಲಿ ಬಾಟಲಿಗಳನ್ನು ಕಾಡಿನಲ್ಲಿ ಎಸೆಯಬೇಡಿ. ಎಂಟು ಜನ ಹೊತ್ತ ತುಂಬಿದ ಬಾಟಲಿಗಿಂತ ಖಾಲಿ ಬಾಟಲಿ ಹಗುರ, ಅಲ್ಲವೇ?

ನಿಮಗೊಂದು ಕೆಲಸ

ಈ ತಿಂಗಳ ಪ್ರಾಯೋಗಿಕ ಕೆಲಸವೆಂದು ತಿಳಿಯಿರಿ. ನಿಮ್ಮ ಓಣಿಯಿಂದ ಯುಗಾದಿಗೆ ನಡೆದು ಹೋಗುವ ಒಂದು ತಂಡವನ್ನು ಕಂಡುಕೊಳ್ಳಿ. ಅವರ ಬೆವರನ್ನು ತೂಕದಿಂದ ಅಳೆದು ಕೊಡಿ. ದಾರಿಯನ್ನು ಖಾತ್ರಿ ನೀರುಗಳ ನಡುವೆ ತುಂಡು ಮಾಡಿ, ಒಂದೊಂದು ತುಂಡಿಗೂ ಗಂಟೆ, ಲೀಟರ್ ಬರೆದು ಒಂದು ಕಾಗದ ಕೊಡಿ. ಕಾಗದದ ಕೆಳಗೆ ನಿಮ್ಮ ಹೆಸರು ಬರೆಯಿರಿ. ಹೆಸರು ಬರೆದರೆ ಲೆಕ್ಕವನ್ನು ಎರಡನೇ ಸಲ ನೋಡುವ ಬುದ್ಧಿ ಬರುತ್ತದೆ, ಇದು ನನ್ನ ಅನುಭವ. ರೋಜಾ ಇರುವವರು ನಡೆದು ಪರೀಕ್ಷೆ ಮಾಡಿಕೊಳ್ಳಬೇಡಿ, ನನ್ನ ಹಾಗೆ ಬರೆದುಕೊಳ್ಳುವ ಕೆಲಸ ಮಾಡಿ. ನೀರು ಕೊಡುವ ಕೆಲಸವಂತೂ ಇದ್ದೇ ಇದೆ.

2025ರ ಯುಗಾದಿಯ ಸಂಜೆ ನಾವು ಈದ್ ಚಂದ್ರ ನೋಡಲು ಮಾಳಿಗೆಯ ಮೇಲೆ ನಿಂತಿದ್ದೆವು. ಫೋನ್ ಬಂತು. ಕಾಕಾನ ದನಿ.

“ಸರ್ರ, ಮುಟ್ಟಿದ್ವಿರೀ. ದರ್ಶನ ಆತು. ಎಲ್ಲಾರೂ ಆರಾಮ್ ಅದೀವಿ.”

“ನೀರು ಸಾಲಿತಾ ಕಾಕಾ?” ಎಂದು ಕೇಳಿದೆ.

“ನಡಬರಕ ನೀರ ಸಿಕ್ತರೀ, ಆದ್ರೂ ನೀವು ಹೇಳ್ದಂಗ ಹೊತ್ಕೊಂಡ ಹೋಗಿದ್ವಿ. ನನ್ನ ಕಡೆ ಒಂದ ಬಾಟಲಿ ಹಂಗ ಉಳದೈತಿ. ಮುಚ್ಚಳಾ ಸೈತ ತಗದಿಲ್ರೀ.”

ಆ ಒಂದು ಲೀಟರ್ ವ್ಯರ್ಥ ಹೊತ್ತದ್ದು ಎಂದು ಯಾರಾದರೂ ಹೇಳಬಹುದು. ಹಿಂದಿನ ವರ್ಷ ಕಾಕಾನಿಗೆ ಕಡಿಮೆ ಬಿದ್ದದ್ದು ಅಂಥದೇ ಎರಡೂವರೆ ಬಾಟಲಿ. ಮುಚ್ಚಳ ತೆಗೆಯದೆ ಮನೆಗೆ ಬಂದ ಬಾಟಲಿಯೇ ಸರಿಯಾದ ಲೆಕ್ಕದ ಗುರುತು. ನೀವು ಬರೆದುಕೊಡುವ ಕಾಗದಕ್ಕೂ ಅದೇ ಪರೀಕ್ಷೆ.